ಒಂದೇ ಕೈಯ ಪಶುವೈದ್ಯ

ಮಿಶ್ರತಳಿಯ ಹಸುವೊಂದು ತೀವ್ರ ಜ್ವರದಿಂದ ಬಳಲಿ, ಮೇವು ಬಿಟ್ಟು, ಹೆಗಲ ಬಳಿ ಗಂಟು ಊದಿಕೊಂಡು ನಿಂತಾಗ ನಮ್ಮ ನಾಡಿನ ಪಶುವೈದ್ಯರು ಮೊದಲು ಸಂಶಯಪಡುವ ರೋಗಗಳಲ್ಲಿ 'ಥೈಲೇರಿಯಾಸಿಸ್' ಒಂದು. ಉಣುಗಿನಿಂದ ಹರಡುವ ಈ ವ್ಯಾಧಿಯ ಹೆಸರಿನಲ್ಲಿ ಒಬ್ಬ ಮನುಷ್ಯನ ಹೆಸರು ಅಡಗಿದೆಯೆಂಬುದನ್ನು ಬಲ್ಲವರು ವಿರಳ.

ಅವರೇ ಆರ್ನಾಲ್ಡ್ ಥೈಲರ್. 1867ರಲ್ಲಿ ಸ್ವಿಟ್ಜರ್‌ಲೆಂಡಿನ ಫ್ರಿಕ್ ಎಂಬ ಊರಿನಲ್ಲಿ ಉಪಾಧ್ಯಾಯರೊಬ್ಬರ ಮಗನಾಗಿ ಜನಿಸಿದರು. ಮನೆಯ ಮಾತು ಜರ್ಮನ್. ಬರ್ನ್ ಮತ್ತು ಜೂರಿಕ್‌ಗಳಲ್ಲಿ ಪಶುವೈದ್ಯವನ್ನು ಅಭ್ಯಸಿಸಿ, 1891ರಲ್ಲಿ ಅದೃಷ್ಟವನ್ನರಸಿ ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್‌ಗೆ ಹಡಗನ್ನೇರಿದರು. ಅಲ್ಲಿ ಬೋವರ್ ರೈತರದು ಡಚ್ ಮೂಲದ ನುಡಿ. ಚಿನ್ನದ ಗಣಿಗಳ ವ್ಯವಹಾರದಲ್ಲಿ ಇಂಗ್ಲಿಷಿನ ಪ್ರಾಬಲ್ಯ. ಮೂಕ ಪ್ರಾಣಿಯ ನೋವನ್ನು ಅದರ ಒಡೆಯನ ಬಾಯಿಂದಲೇ ತಿಳಿಯಬೇಕಾದ ವೈದ್ಯನಿಗೆ ಈ ಎರಡು ಭಾಷೆಗಳೂ ಅನಿವಾರ್ಯವಾದವು.

ಆದರೆ ವಿಧಿ ಮೊದಲು ಬೇರೊಂದು ಪರೀಕ್ಷೆಯನ್ನೊಡ್ಡಿತು. ಹೊಟ್ಟೆಪಾಡಿಗಾಗಿ ಜಮೀನೊಂದರಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಲುಕಿ ಅವರ ಎಡಗೈ ಹೋಯಿತು! ದನಕರುಗಳನ್ನು ಹಿಡಿದು ಚಿಕಿತ್ಸೆ ಮಾಡಬೇಕಾದವನಿಗೆ ಕೈಯೇ ಇಲ್ಲವಾದರೆ ಮುಂದಿನ ಗತಿಯೇನು? ಥೈಲರ್ ಊರಿಗೆ ಹಿಂದಿರುಗಲಿಲ್ಲ. 1893ರಲ್ಲಿ ಗಣಿಗಳ ಕಾರ್ಮಿಕರಲ್ಲಿ ಸಿಡುಬು ಕಾಣಿಸಿಕೊಂಡಾಗ ಅದಕ್ಕೆ ಲಸಿಕೆಯನ್ನು ಸಿದ್ಧಗೊಳಿಸಿಕೊಟ್ಟರು. 1896ರಲ್ಲಿ ದೊಡ್ಡರೋಗವು ದಕ್ಷಿಣ ಆಫ್ರಿಕದ ದನಗಳ ಮಂದೆಗಳನ್ನೇ ಅಳಿಸತೊಡಗಿದಾಗ ಸರ್ಕಾರದ ಪಶುವೈದ್ಯರಾಗಿ ಅದರ ವಿರುದ್ಧ ಹೋರಾಡಿದರು.

1899ರಲ್ಲಿ ಬೋವರರಿಗೂ ಬ್ರಿಟಿಷರಿಗೂ ಯುದ್ಧ ಹತ್ತಿತು. ಥೈಲರ್ ಬೋವರರ ಸೇನೆಯಲ್ಲಿ ಪಶುವೈದ್ಯರಾಗಿದ್ದರು. ಸೋತ ಪಕ್ಷದ ಸೇವಕನಾದ ವಿದೇಶೀಯನಿಗೆ ಗೆದ್ದವರ ರಾಜ್ಯದಲ್ಲಿ ಸ್ಥಾನವೆಲ್ಲಿಯದು? ಆದರೆ ರೋಗಕ್ಕೆ ಪಕ್ಷಭೇದವಿಲ್ಲ. ಬ್ರಿಟಿಷ್ ಆಡಳಿತಕ್ಕೂ ಅವರ ವಿದ್ಯೆ ಬೇಕಾಯಿತು. ಯುದ್ಧದ ಬೆನ್ನಲ್ಲೇ ಬಂದ 'ಪೂರ್ವ ಕರಾವಳಿ ಜ್ವರ'ಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಅವರು 1904ರಲ್ಲಿ ವರ್ಣಿಸಿದರು. ಆ ಜೀವಿಕುಲಕ್ಕೆ 1907ರಲ್ಲಿ 'ಥೈಲೇರಿಯಾ' ಎಂಬ ಹೆಸರಾಯಿತು. ನಮ್ಮ ಹಸುಗಳನ್ನು ಕಾಡುವುದು ಅದೇ ಕುಲದ ಇನ್ನೊಂದು ಪ್ರಭೇದ.

1908ರಲ್ಲಿ ಪ್ರಿಟೋರಿಯದ ಬಳಿ ಆಂಡರ್‌ಸ್ಟೆಪೋರ್ಟ್ ಎಂಬಲ್ಲಿ ಅವರು ಕಟ್ಟಿದ ಸಂಶೋಧನಾಲಯ ಜಗತ್ಪ್ರಸಿದ್ಧವಾಯಿತು. 1920ರಲ್ಲಿ ಅಲ್ಲಿಯೇ ಪಶುವೈದ್ಯ ಶಿಕ್ಷಣವೂ ಮೊದಲಾಗಿ, ಅದರ ಪ್ರಥಮ ಮುಖ್ಯಸ್ಥರೂ ಅವರೇ ಆದರು. ಅಷ್ಟರಲ್ಲಾಗಲೇ, 1914ರಲ್ಲಿ, ಬ್ರಿಟಿಷ್ ದೊರೆಯಿಂದ 'ಸರ್' ಪದವಿ ದೊರೆತಿತ್ತು. 1936ರಲ್ಲಿ ಅವರು ಸ್ವದೇಶದ ಲೂಸರ್ನ್‌ನಲ್ಲಿ ಕಣ್ಮುಚ್ಚಿದರು.

ತಂದೆಯ ಹಾದಿಯನ್ನು ಮಗನು ಮತ್ತೊಂದು ದಿಕ್ಕಿಗೆ ಬೆಳೆಸಿದನು. ಯುದ್ಧದ ವರ್ಷದಲ್ಲಿ ಪ್ರಿಟೋರಿಯದಲ್ಲಿ ಜನಿಸಿದ ಮ್ಯಾಕ್ಸ್ ಥೈಲರ್, ಮನುಷ್ಯರ ಪಾಲಿನ ಹಳದಿ ಜ್ವರಕ್ಕೆ ಲಸಿಕೆಯನ್ನು ರೂಪಿಸಿ 1951ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು.

ಇಂದಿಗೂ ನಮ್ಮ ಹಳ್ಳಿಯ ಕೊಟ್ಟಿಗೆಯಲ್ಲಿ ಹಸುವಿನ ಮೈಯಿಂದ ಉಣುಗನ್ನು ಕಿತ್ತೊಗೆಯುವ ರೈತನು ಥೈಲರ್ ಹೆಸರನ್ನು ಅರಿಯನು. ಆದರೆ ಆ ಹಸುವನ್ನು ಉಳಿಸುವ ತಿಳಿವಳಿಕೆಯ ಹಿಂದೆ, ಇದ್ದ ಒಂದೇ ಕೈಯಿಂದ ದುಡಿದ ಆ ಪರದೇಶಿ ವೈದ್ಯನ ಶ್ರಮವೂ ಇದೆ.