28ಕ್ಕೂ 28ಕ್ಕೂ ನಡುವಿನ ಅಂತರ

ನೈಟ್ರೋಜನ್ ಅಣುವಿನ ತೂಕ 28. ಕಾರ್ಬನ್ ಮೊನಾಕ್ಸೈಡಿನದೂ 28. ಎಥಿಲೀನಿನದೂ 28! ಕಾಲೇಜಿನಲ್ಲಿ ಇಷ್ಟೇ ಕಲಿತವನು ನಾನು, ಇಷ್ಟನ್ನೇ ಕಲಿಸುತ್ತ ಬಂದವನು. ಮೊದಲನೆಯದು ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಇರುವಂಥದ್ದು. ಎರಡನೆಯದು ಬಾಗಿಲು ಮುಚ್ಚಿ ಇದ್ದಿಲು ಉರಿಸಿ ಮಲಗಿದವರ ಜೀವ ತೆಗೆಯುವಂಥದ್ದು. ಮೂರನೆಯದು ಅಡಿ ಹಾಕಿದ ಮಾವನ್ನು ಹಣ್ಣು ಮಾಡುವಂಥದ್ದು. ಮೂರರ ತೂಕವೂ ಒಂದೇ ಆದರೆ ತೂಗಿ ಏನು ತಿಳಿಯಬೇಕು?

ಬೇಸಿಗೆ ರಜೆಯಲ್ಲಿ ಬೀದರ ಜಿಲ್ಲೆಯ ಠಾಣಾ ಕುಶನೂರ ಬಿಟ್ಟು, ಅಣುಗಳನ್ನು ತೂಗುವ ವಿದ್ಯೆಯಾದ ಮಾಸ್ ಸ್ಪೆಕ್ಟ್ರೋಮೆಟ್ರಿಯ ಬೆಂಗಳೂರಿನ ಶಿಬಿರಕ್ಕೆ ಹೋಗಿ ಕೂತ ಮೊದಲ ಬೆಳಗಿನಲ್ಲೇ ಬೋರ್ಡಿನ ಮೇಲೆ ಮೂರು ಸಂಖ್ಯೆ ಮೂಡಿದವು: 28.006, 27.995, 28.031. ಪಾಠ ಮಾಡುತ್ತಿದ್ದ ಮೇಡಂ ತಿರುಗಿ, “ಇನ್ನು ಹೇಳಿ, ಯಾವುದು ಯಾವುದು?” ಅಂದರು. ನೈಟ್ರೋಜನ್, ಕಾರ್ಬನ್ ಮೊನಾಕ್ಸೈಡ್, ಎಥಿಲೀನ್, ಅದೇ ಸಾಲಿನಲ್ಲಿ. ಪ್ರೋಟಾನು, ನ್ಯೂಟ್ರಾನುಗಳು ಕೂಡಿ ಪರಮಾಣುವಿನ ಬೀಜವಾಗುವಾಗ ಅವುಗಳ ತೂಕದಲ್ಲಿ ಒಂದಿಷ್ಟು ಶಕ್ತಿಯಾಗಿ ಹೊರಟುಹೋಗುತ್ತದೆ. ಐನ್‌ಸ್ಟೈನ್ ಹೇಳಿದ ಅದೇ ಲೆಕ್ಕ! ಒಂದೊಂದು ಧಾತು ಹೀಗೆ ಕಳೆದುಕೊಂಡದ್ದು ಒಂದೊಂದು ಪ್ರಮಾಣ. ಆದ್ದರಿಂದ ಮೂರನೆಯ ದಶಮಾಂಶದವರೆಗೆ ತೂಗುವ ಯಂತ್ರ ಇದ್ದರೆ ಹೆಸರು ಕೇಳುವ ಕೆಲಸವೇ ಇಲ್ಲ, ತೂಕವೇ ಹೆಸರು ಹೇಳುತ್ತದೆ. ಅಂದು ಮಧ್ಯಾಹ್ನ ಊಟದ ಕಡೆ ನನ್ನ ಲಕ್ಷ್ಯವೇ ಇರಲಿಲ್ಲ.

ಕಣ್ಣಿಗೆ ಕಾಣದ್ದನ್ನು ತೂಗುವ ಬಗೆ ಹೇಗೆ? ಅಣುವಿಗೆ ವಿದ್ಯುದಾವೇಶ ಕೊಡುವುದು, ಗಾಳಿಯೆಲ್ಲ ಹೀರಿ ತೆಗೆದ ನಿರ್ವಾತದಲ್ಲಿ ಅದನ್ನು ಓಡಿಸುವುದು, ನಡುವೆ ಅಯಸ್ಕಾಂತ ಇಟ್ಟು ದಾರಿ ಬಾಗಿಸುವುದು. ಸಂತೆಗೆ ಹೊರಟ ಖಾಲಿ ಬಂಡಿ ತಿರುವಿನಲ್ಲಿ ಸರಕ್ಕನೆ ಹೊರಳುತ್ತದೆ, ಜೋಳದ ಚೀಲ ಹೇರಿದ ಬಂಡಿ ದೊಡ್ಡದಾಗಿ ಸುತ್ತಿ ಬರುತ್ತದೆ, ಅಣುಗಳೂ ಹಾಗೆಯೇ. ಎಷ್ಟು ಬಾಗಿತು ಎಂದು ನೋಡಿದರೆ ಎಷ್ಟು ಭಾರ ಎಂದು ಗೊತ್ತಾಯಿತು. 1912ರಲ್ಲಿ ಕೇಂಬ್ರಿಜ್‌ನಲ್ಲಿ ಜೆ. ಜೆ. ಥಾಮ್ಸನ್ ನಿಯಾನ್ ಅನಿಲವನ್ನು ಹೀಗೆ ಓಡಿಸಿದಾಗ ಫೋಟೋ ತಟ್ಟೆಯ ಮೇಲೆ ಒಂದರ ಬದಲು ಎರಡು ಗೆರೆ ಬಿದ್ದವು, 20ಕ್ಕೊಂದು, 22ಕ್ಕೊಂದು. ಒಂದೇ ಅನಿಲ, ಎರಡು ತೂಕ! ಅವರ ಸಹಾಯಕ ಆಸ್ಟನ್ 1919ರಲ್ಲಿ ಯಂತ್ರವನ್ನು ಹದಕ್ಕೆ ತಂದು, ಹೀಗೆ ಒಂದೇ ಧಾತುವಿನ ಬೇರೆ ಬೇರೆ ತೂಕದ ರೂಪಗಳಾದ ಐಸೋಟೋಪುಗಳ ಸಾಲನ್ನೇ ತೆರೆದಿಟ್ಟರು, 1922ರಲ್ಲಿ ನೊಬೆಲ್ ಪಡೆದರು.

ಪ್ರೋಟೀನುಗಳ ಮಾತು ಬೇರೆ. ಅಷ್ಟು ದೊಡ್ಡ ಅಣುವನ್ನು ಆವಿ ಮಾಡಹೋದರೆ ಚೂರಾಗುತ್ತದೆ. ಇಲ್ಲಿ ಬರುವವರು ಕೊಯಿಚಿ ತನಾಕಾ. ಡಾಕ್ಟರೇಟ್ ಇಲ್ಲ, ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಕೆಲಸ ಕ್ಯೋಟೋದ ಶಿಮಾಡ್ಜು ಕಂಪನಿಯಲ್ಲಿ. 1985ರಲ್ಲಿ ಕೋಬಾಲ್ಟ್ ಪುಡಿಗೆ ಅಸಿಟೋನ್ ಹಾಕುವ ಬದಲು ಗ್ಲಿಸರಿನ್ ಹಾಕಿಬಿಟ್ಟರು. ಚೆಲ್ಲಲು ಮನಸ್ಸು ಬರಲಿಲ್ಲ, ಅದರ ಮೇಲೆಯೇ ಲೇಸರ್ ಬಿಟ್ಟರು. ದೊಡ್ಡ ಅಣು ಮುರಿಯದೆ ಹಾರಿತು! 2002ರಲ್ಲಿ ಅಮೆರಿಕದ ವಿಜ್ಞಾನಿ ಜಾನ್ ಫೆನ್ ಜೊತೆ ನೊಬೆಲ್ ವೇದಿಕೆ ಹತ್ತಿದಾಗ ಅವರಿಗೆ 43 ವರ್ಷ. ಫೆನ್ ಹಿಡಿದ ದಾರಿ ಇನ್ನೂ ನಾಜೂಕು: ಕೆಲವು ಸಾವಿರ ವೋಲ್ಟ್ ಇರುವ ಸೂಜಿಯ ತುದಿಯಿಂದ ದ್ರಾವಣವನ್ನು ಸಿಂಪಡಿಸಿದರೆ ಹನಿ ಒಣಗಿ ಒಣಗಿ ಕೊನೆಗೆ ಆವೇಶ ಹೊತ್ತ ಪ್ರೋಟೀನಷ್ಟೇ ಉಳಿಯುತ್ತದೆ.

ನಾನು ಊರಿಂದ ತೊಗರಿ ಒಯ್ದಿದ್ದೆ. ಅದರ ಪ್ರೋಟೀನು ಬೇರ್ಪಡಿಸಿ, ಟ್ರಿಪ್ಸಿನ್ ಸೇರಿಸಿ, 37 ಡಿಗ್ರಿ ಶಾಖದಲ್ಲಿ ರಾತ್ರಿಯಿಡೀ ಇಟ್ಟೆವು. ಟ್ರಿಪ್ಸಿನ್ ಪ್ರೋಟೀನಿನ ಸರದಲ್ಲಿ ಲೈಸೀನ್, ಆರ್ಜಿನೀನ್ ಬಂದಲ್ಲಿ ಮಾತ್ರ ಕತ್ತರಿಸುತ್ತದೆ. ಕೈಗವಸು, ತಲೆಗೆ ಟೊಪ್ಪಿಗೆ ಇಲ್ಲದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ; ನಮ್ಮ ಕೂದಲು, ಚರ್ಮದ ಕೆರಾಟಿನ್ ಒಂದು ಕಣ ಬಿದ್ದರೂ ಯಂತ್ರ ಅದನ್ನೂ ತೂಗಿಬಿಡುತ್ತದೆ. ಮರುದಿನ ಪರದೆಯ ಮೇಲೆ ಶಿಖರದ ಪಕ್ಕ ಶಿಖರ ಏಳತೊಡಗಿತು, ಮೊಳಕೆಯ ಸಲುವಾಗಿ ಬೀಜ ಕೂಡಿಟ್ಟ ವಿಸಿಲಿನ್ ಪ್ರೋಟೀನಿನ ತುಣುಕುಗಳು ಒಂದೊಂದಾಗಿ ಹೊರಬಿದ್ದವು. ಈ ತೂಕಗಳನ್ನು ಯಾವುದರ ಜೊತೆ ತಾಳೆ ನೋಡಿದೆವು ಗೊತ್ತೆ? ತೊಗರಿಯ ಜೀನೋಮಿನ ಜೊತೆ. ಅದನ್ನು 2011ರಲ್ಲಿ ಓದಿ ಪ್ರಕಟಿಸಿದ ತಂಡದ ಮುಂದಾಳತ್ವ ಪಟಾನ್‌ಚೆರುವಿನ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನದು, ಓದಿದ್ದು ಆಶಾ ತಳಿಯನ್ನು. ಪಟಾನ್‌ಚೆರು! ಬೀದರಿನಿಂದ ಹೈದರಾಬಾದಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋದ ಊರು.

ಮನುಷ್ಯನ ದೇಹದ ಮೇಲೂ ಇದೇ ಕೆಲಸ ನಡೆಯಿತು, ಅದೂ ಬೆಂಗಳೂರಿನಿಂದ. ವೈಟ್‌ಫೀಲ್ಡಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫಾರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು, ಅಖಿಲೇಶ್ ಪಾಂಡೆಯವರ ನೇತೃತ್ವದಲ್ಲಿ, 30 ಬಗೆಯ ಅಂಗಾಂಶ ಮತ್ತು ಜೀವಕೋಶಗಳನ್ನು ತೂಗಿ, 17,294 ಜೀನುಗಳ ಪ್ರೋಟೀನುಗಳನ್ನು ಗುರುತಿಸಿ, ಮನುಷ್ಯನ ಪ್ರೋಟೀನುಗಳ ಕರಡು ನಕ್ಷೆಯನ್ನು 2014ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರೋಟೀನು ತಯಾರಿಸುವುದೇ ಇಲ್ಲವೆಂದು ಪಕ್ಕಕ್ಕಿಟ್ಟಿದ್ದ ಡಿಎನ್‌ಎ ಭಾಗಗಳಿಂದಲೂ ಪ್ರೋಟೀನು ಹುಟ್ಟುವುದನ್ನು ಅವರು ಕಂಡರು. ನಮ್ಮದೇ ಮೈಯಲ್ಲಿ, ಅಲ್ಲಿಯವರೆಗೆ ಯಾರೂ ಎಣಿಕೆಗೆ ಹಿಡಿಯದಿದ್ದವು!

ಆದರೆ ನನ್ನನ್ನು ನಿದ್ದೆಗೆಡಿಸಿದ ಪಾಠ ಕಲ್ಲಿನದು. ನಮ್ಮ ಔರಾದ್ ಸೀಮೆಯಲ್ಲಿ ಬಾವಿ ತೋಡುವವರ ಹಾರೆಗೆ ಜಗ್ಗದ ಕರಿಕಲ್ಲು ದಖ್ಖನ್ನಿನ ಲಾವಾ. ಅದರೊಳಗಿನ ಪೊಟ್ಯಾಸಿಯಮ್‌ನಲ್ಲಿ 40 ತೂಕದ್ದೊಂದು ಐಸೋಟೋಪು ಇದೆ, ಅದು ಅರ್ಧಕ್ಕಿಳಿಯಲು 125 ಕೋಟಿ ವರ್ಷ ಬೇಕು. ಕ್ಷಯಿಸುತ್ತ ಅದು ಆರ್ಗಾನ್ ಅನಿಲವನ್ನು ಕಲ್ಲಿನೊಳಗೇ ಬಿಡುತ್ತದೆ, ಅನಿಲ ಅಲ್ಲೇ ಸೆರೆಯಾಗುತ್ತದೆ. ಕಲ್ಲಿನ ಚೂರನ್ನು ಕಾಯಿಸಿ ಆ ಆರ್ಗಾನನ್ನು ಈ ಯಂತ್ರದಲ್ಲಿ ತೂಗಿದರೆ ಲಾವಾ ಆರಿ ಗಟ್ಟಿಯಾದ ಕಾಲ ಸಿಗುತ್ತದೆ: ಸುಮಾರು 6.6 ಕೋಟಿ ವರ್ಷ. ಡೈನೋಸಾರುಗಳು ಅಳಿದ ಕಾಲ! ಆ ಕಲ್ಲು ಸವೆದು ಆದ ಎರೆಯಲ್ಲೇ ನಾನು ಒಯ್ದ ತೊಗರಿ ಬೆಳೆದಿತ್ತು.

ಇಂಥದ್ದನ್ನು ಕೈಯಾರೆ ಕಲಿಯಲು ದಾರಿಯೂ ಉಂಟು. ಸಿ. ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆಗೆ ಎರಡು ತಿಂಗಳ ಸಂಶೋಧನಾ ಫೆಲೋಶಿಪ್ ಕೊಡುತ್ತದೆ, ವಿದ್ಯಾರ್ಥಿಗಳಿಗೂ ಉಂಟು, ಅಧ್ಯಾಪಕರಿಗೂ ಉಂಟು. ಭಾಲ್ಕಿ, ಔರಾದಿನ ಮಕ್ಕಳು ಇದಕ್ಕೆ ಅರ್ಜಿ ಹಾಕಲೇಬೇಕು ಎಂದು ಊರಿಗೆ ಬಂದವನೇ ತರಗತಿಯಲ್ಲಿ ಕೂಗಿ ಹೇಳಿದೆ. “ಸರ್, ಬಿದ್ರಿ ಸಾಮಾನು ಮಾಡೋರು ನವಸಾಗರದ ಜೊತಿ ಬೀದರ ಕೋಟಿ ಮಣ್ಣು ಹಾಕಿದ್ರ ಸತುವು ಕರ್ರಗಾಗ್ತದಲ್ರಿ, ಆ ಮಣ್ಣಾಗ ಏನೇನದ ಅಂತ ಈ ಮಶೀನ್ ಹೇಳ್ತದೇನ್ರಿ?” ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಸೂರ್ಯನ ಮೈಗಿಂತ ಬಿಸಿಯಾದ ಆರ್ಗಾನ್ ಜ್ವಾಲೆಯಲ್ಲಿ ಮಣ್ಣನ್ನು ಪರಮಾಣು ಪರಮಾಣುವಾಗಿ ಬಿಡಿಸಿ, ಅದರೊಳಗಿನ ಲೋಹಗಳನ್ನು ಒಂದೊಂದಾಗಿ ತೂಗುವ ಮಾಸ್ ಸ್ಪೆಕ್ಟ್ರೋಮೀಟರೂ ಇದೆ ಅಂದೆ. ಅರ್ಜಿಯಲ್ಲಿ ಅವಳು ಆ ಮಣ್ಣಿನ ಬಗ್ಗೆಯೇ ಬರೆಯುತ್ತಿದ್ದಾಳೆ.