ಬೆಳ್ಳಿತೆರೆಯ ರಣರಂಗ

ವಾಡಿ ಜಂಕ್ಷನ್ನಿನಲ್ಲಿ ಗಾಡಿಗಾಗಿ ಅರ್ಧರಾತ್ರಿ ಕಾದು ಕುಳಿತ ಅನುಭವ ಸೇಡಂ, ಚಿತ್ತಾಪುರ, ಆಡಕಿಗಳ ಕಡೆಯವರಿಗೆ ಹೊಸದಲ್ಲ. 1874ರಲ್ಲಿ ನಿಜಾಮರ ರೈಲುಮಾರ್ಗ ಇಲ್ಲಿಂದ ಕವಲೊಡೆದು ಚಿತ್ತಾಪುರ, ಸೇಡಂಗಳನ್ನು ಹಾದು ಸಿಕಂದರಾಬಾದಿಗೆ ಹೊರಟಿತು. ಆ ಊರೋ ದೊಡ್ಡ ದಂಡಿನ ಠಾಣ್ಯ. ರಜೆಯ ಮೇಲೆ ಊರಿಗೆ ಮರಳುವ ಸಿಪಾಯಿಗೆ ಒಂದು ಗಾಡಿ ತಪ್ಪಿತೆಂದರೆ ರಜೆಯಲ್ಲಿ ಒಂದು ದಿನ ತಪ್ಪಿದಂತೆಯೇ.

ಈ ಒಂದು ಸಂಕಟವನ್ನೇ ಹಿಡಿದು ರಷ್ಯದ ನಿರ್ದೇಶಕ ಗ್ರಿಗೋರಿ ಚುಖ್ರಾಯ್ 1959ರಲ್ಲಿ ಒಂದು ಚಿತ್ರವನ್ನು ತೆಗೆದರು. ಅದರ ಇಂಗ್ಲಿಷ್ ಹೆಸರು ‘ಬ್ಯಾಲಡ್ ಆಫ್ ಎ ಸೋಲ್ಜರ್’. ಯುದ್ಧಚಿತ್ರಗಳಲ್ಲಿ ಒಂದನ್ನೇ ಮನೆಮಂದಿಯೆಲ್ಲ ಕೂಡಿ ನೋಡಬೇಕೆಂದಿದ್ದರೆ ಇದನ್ನು ನೋಡಬಹುದು. ಹತ್ತೊಂಬತ್ತರ ಹರೆಯದ ಅಲ್ಯೋಶಾ ಶೂರನೇನೂ ಅಲ್ಲ. ಶತ್ರುವಿನ ಟ್ಯಾಂಕು ಮೈಮೇಲೆ ಬರುತ್ತಿರುವಾಗ ಹೆದರಿ ಓಡುತ್ತಾನೆ. ಕೊನೆಗೆ ದಾರಿಗಾಣದೆ ಗುಂಡು ಹಾರಿಸಿ ಎರಡು ಟ್ಯಾಂಕುಗಳನ್ನು ಕೆಡವುತ್ತಾನೆ. ಸೇನಾಪತಿ ಪದಕ ಕೊಡಲು ಬಂದರೆ, ಅದರ ಬದಲು ತಾಯಿಯನ್ನು ಕಂಡುಬರಲು ರಜೆ ಬೇಡುತ್ತಾನೆ. ಮನೆಯ ಮಾಡು ಸೋರುತ್ತಿದೆಯಂತೆ, ಅದನ್ನು ಸರಿಪಡಿಸಬೇಕಂತೆ! ಆರು ದಿನಗಳ ರಜೆ ಸಿಗುತ್ತದೆ. ಹೋಗಲು ಎರಡು, ಬರಲು ಎರಡು, ಮಾಡಿನ ಕೆಲಸಕ್ಕೆ ಎರಡು.

ಆ ಲೆಕ್ಕ ದಾರಿಯಲ್ಲಿಯೇ ಕರಗುತ್ತ ಹೋಗುತ್ತದೆ. ಕಾಲು ಕಳೆದುಕೊಂಡ ಸೈನಿಕನೊಬ್ಬ ಹೆಂಡತಿಗೆ ಮುಖ ತೋರಿಸಲು ಅಂಜಿ ನಿಂತಿದ್ದಾನೆ. ಅವನಿಗೆ ಧೈರ್ಯ ಹೇಳಬೇಕು. ಯಾರೋ ಸಿಪಾಯಿ ತನ್ನ ಹೆಂಡತಿಗೆಂದು ಸಾಬೂನು ಕೊಟ್ಟು ಕಳಿಸಿದ್ದಾನೆ, ಅದನ್ನು ಮುಟ್ಟಿಸಬೇಕು. ಸರಕುಗಾಡಿಯಲ್ಲಿ ಶೂರಾ ಎಂಬ ಹುಡುಗಿಯ ಪರಿಚಯವಾಗುತ್ತದೆ. ಇಬ್ಬರ ನಡುವೆ ಪ್ರೇಮವೆನ್ನಲು ಬಾರದ, ಅಲ್ಲವೆನ್ನಲೂ ಬಾರದ ಏನೋ ಒಂದು ಮೊಳೆಯುತ್ತದೆ. ಊರು ಮುಟ್ಟುವ ವೇಳೆಗೆ ತಾಯಿಯನ್ನು ಅಪ್ಪಿಕೊಳ್ಳುವಷ್ಟೇ ಹೊತ್ತು ಉಳಿದಿರುತ್ತದೆ. ಅವನು ಮತ್ತೆ ಬರುವುದಿಲ್ಲವೆಂಬುದನ್ನು ಚಿತ್ರ ಮೊದಲಲ್ಲಿಯೇ ತಿಳಿಸಿಬಿಡುತ್ತದೆ. ಕುತೂಹಲವನ್ನು ಹೀಗೆ ಕೈಬಿಟ್ಟೂ ಪ್ರೇಕ್ಷಕನನ್ನು ಕಡೆಯವರೆಗೆ ಹಿಡಿದಿಡುವ ನಿರ್ದೇಶಕನ ಸಾಮರ್ಥ್ಯ ಸಣ್ಣದಲ್ಲ. ರಕ್ತಪಾತ ಕಡಿಮೆ, ಮಕ್ಕಳು ಧಾರಾಳವಾಗಿ ನೋಡಬಹುದು.

ಯುದ್ಧವೆಂದೊಡನೆ ಚಪ್ಪಾಳೆ ತಟ್ಟುವ ಹುಡುಗರು ಎಲ್ಲ ಊರುಗಳಲ್ಲಿಯೂ ಉಂಟು. ಈ ಸೀಮೆಯ ಹಿರಿಯರಾದರೋ ಸೈನ್ಯವನ್ನು ತೆರೆಯ ಮೇಲೆ ಕಾಣುವ ಮೊದಲು ಮನೆಯ ಹೊಸ್ತಿಲಿನಿಂದಲೇ ಕಂಡವರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಹೊಕ್ಕಿತು. 17ರಂದು ನಿಜಾಮರು ಶರಣಾದರು. ಅದಕ್ಕೆ ಮುಂಚೆ ರಜಾಕಾರರ ಹಾವಳಿ. ಅದು ಮುಗಿದ ಬಳಿಕ ಹಲವೆಡೆ ಸೇಡಿನ ಹಿಂಸೆ. ಎರಡರಲ್ಲಿಯೂ ನೊಂದವರು ಆಯುಧ ಹಿಡಿಯದ ಜನ. ಅಂಥದನ್ನು ಕಂಡ ಅಜ್ಜಿ ಮನೆಯಲ್ಲಿದ್ದರೆ, ಗುಂಡಿನ ಸದ್ದಿಗೆ ಮೊಮ್ಮಗ ಕುಣಿಯುವಾಗ ಆಕೆ ಎದ್ದು ಒಳಗೆ ಹೋಗುವುದು ಸಹಜ. ಆದುದರಿಂದ ಚಿತ್ರಗಳ ಆಯ್ಕೆಯಲ್ಲಿ ತುಸು ವಿವೇಕ ಬೇಕು.

ಹಿಂದಿಯಲ್ಲಿ ಚೇತನ್ ಆನಂದರ ‘ಹಕೀಕತ್’ (1964) ಇಂದಿಗೂ ಎತ್ತರದಲ್ಲಿ ನಿಲ್ಲುತ್ತದೆ. ಗೆದ್ದ ಯುದ್ಧದ ಮೇಲೆ ಚಿತ್ರ ತೆಗೆಯುವುದು ಸುಲಭ. ಇದು 1962ರಲ್ಲಿ ಚೀನದೆದುರು ಸೋತ ಯುದ್ಧದ ಕಥೆ, ಅದೂ ಗಾಯ ಇನ್ನೂ ಹಸಿಯಾಗಿದ್ದಾಗ ತೆಗೆದುದು. ಬಲರಾಜ್ ಸಾಹ್ನಿ, ಧರ್ಮೇಂದ್ರರ ಅಭಿನಯ, ಲಡಾಖಿನ ಬೋಳು ಬೆಟ್ಟಗಳು, ಕೈಫಿ ಆಜ್ಮಿಯವರ ಹಾಡುಗಳಿಗೆ ಮದನ ಮೋಹನರ ಸಂಗೀತ, ಎಲ್ಲವೂ ಸೇರಿ ಮನಸ್ಸನ್ನು ಭಾರವಾಗಿಸುತ್ತವೆ. ಪ್ರಣಯದ ಭಾಗ ಮಾತ್ರ ಸ್ವಲ್ಪ ಎಳೆದಂತಿದೆ. 1971ರ ಲೋಂಗೇವಾಲಾ ಕದನವನ್ನು ಕುರಿತ ಜೆ. ಪಿ. ದತ್ತಾರ ‘ಬಾರ್ಡರ್’ (1997) ಇದಕ್ಕಿಂತ ಬಹಳ ಗದ್ದಲದ್ದು. ಅದರಲ್ಲಿ ನೆನಪಿನಲ್ಲುಳಿಯುವುದು ತೋಪುಗಳಲ್ಲ, ಮನೆಯ ಕಾಗದಕ್ಕಾಗಿ ಹಾತೊರೆಯುವ ಸೈನಿಕರ ಮುಖಗಳು.

ಕನ್ನಡದಲ್ಲಿ ಈ ಮಾದರಿಗೆ ಕಿರೀಟಪ್ರಾಯವಾದುದು ‘ಮುತ್ತಿನ ಹಾರ’ (1990). ರಾಜೇಂದ್ರಸಿಂಗ್ ಬಾಬು ಅವರ ನಿರ್ದೇಶನ, ಹಂಸಲೇಖರ ಸಂಗೀತ. ಕೊಡಗಿನ ಯೋಧನಾಗಿ ವಿಷ್ಣುವರ್ಧನ್, ಅವನ ಕೈಹಿಡಿಯುವ ದಾದಿಯಾಗಿ ಸುಹಾಸಿನಿ. ಒಂದು ಯುದ್ಧ ಕೂಡಿಸಿದ ಸಂಸಾರವನ್ನು ಮುಂದಿನ ಯುದ್ಧಗಳು ಹೇಗೆ ಹಿಂಡುತ್ತವೆ ಎಂಬುದೇ ಕಥೆ. ಅದನ್ನು ಪೂರ್ತಿ ಹೇಳಿದರೆ ನೋಡುವವರಿಗೆ ಅನ್ಯಾಯವಾದೀತು. ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದುದು ಸಾರ್ಥಕವೇ. ಹಳೆಯ ಕಾಲದ ಕಾಳಗ ಬೇಕೆನ್ನುವವರಿಗೆ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ (1961) ಇದ್ದೇ ಇದೆ. 1824ರಲ್ಲಿ ಕಂಪನಿಯ ಸೇನೆಯನ್ನು ಎದುರಿಸಿದ ರಾಣಿಯಾಗಿ ಬಿ. ಸರೋಜಾದೇವಿಯವರ ಠೀವಿ ನೋಡತಕ್ಕದ್ದು.

ಡೇವಿಡ್ ಲೀನರ ‘ದಿ ಬ್ರಿಡ್ಜ್ ಆನ್ ದಿ ರಿವರ್ ಕ್ವಾಯ್’ (1957) ಏಳು ಆಸ್ಕರ್ ಪ್ರಶಸ್ತಿಗಳನ್ನು ಗಳಿಸಿತು. ಅಲೆಕ್ ಗಿನ್ನೆಸ್‌ರ ಅಭಿನಯ ಅದ್ಭುತ. ಆದರೆ ಬರ್ಮಾ–ಸಯಾಮ್ ರೈಲುಮಾರ್ಗದ ಕೆಲಸದಲ್ಲಿ ಬಿಳಿಯ ಸೈನಿಕರಿಗಿಂತ ಹಲವು ಪಟ್ಟು ಹೆಚ್ಚಾಗಿ ಸತ್ತವರು ಏಷ್ಯದ ಕೂಲಿಗಳು. ಮಲಯದ ತೋಟಗಳಿಂದ ಒಯ್ದ ತಮಿಳರೂ ಅವರಲ್ಲಿದ್ದರು. ಚಿತ್ರದ ಕಥೆಯಲ್ಲಿ ಅವರಿಗೆ ಸ್ಥಾನವಿಲ್ಲ.

ಸೇಡಂ ಸೀಮೆಗೆ ತನ್ನದೇ ರಣಕಥೆಗಳುಂಟು. ಕಾಗಿಣಾ ತೀರದ ಮಳಖೇಡ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟ, 972ರಲ್ಲಿ ಮಾಳವದ ಪರಮಾರ ಸೀಯಕನ ಕೈಗೆ ಸಿಕ್ಕಿ ಸೂರೆಹೋಯಿತು. ಅಂಥ ರಾಜಧಾನಿ ಬಿದ್ದುದು ಯಾವ ಚಿತ್ರಕ್ಕೆ ಕಡಿಮೆಯಾದ ವಸ್ತು? ಇನ್ನು ಚಿತ್ತಾಪುರದ ಕಡೆ ಭೀಮಾ ದಂಡೆಯ ಸನ್ನತಿ. ಸಂತೋಷ್ ಶಿವನ್‌ರ ‘ಅಶೋಕ’ (2001) ಚಿತ್ರವನ್ನು ಶಾರುಖ್ ಖಾನರಿಗಾಗಿ ನೋಡುವವರೇ ಹೆಚ್ಚು. ಅದರಲ್ಲಿ ಇತಿಹಾಸಕ್ಕಿಂತ ಕಲ್ಪನೆಯ ಪಾಲು ದೊಡ್ಡದು. ಆದರೂ ಕಳಿಂಗದ ರಣಭೂಮಿಯಲ್ಲಿ ಗೆದ್ದವನು ಹೆಣಗಳ ನಡುವೆ ನಿಲ್ಲುವ ಕೊನೆಯ ಭಾಗವನ್ನು ನೋಡಿದವರು ಒಂದು ಭಾನುವಾರ ಸನ್ನತಿಗೆ ಹೋಗಿಬರಬೇಕು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿಯೇ ಅಶೋಕನ ಶಾಸನಗಳು ಕಂಡವು. ಗೆದ್ದ ಕಳಿಂಗದ ಅಧಿಕಾರಿಗಳಿಗೆಂದು ಧೌಲಿ, ಜೌಗಡಗಳಲ್ಲಿ ಕೆತ್ತಿಸಿದ ಪ್ರತ್ಯೇಕ ಶಾಸನಗಳೇ ಇಲ್ಲಿಯೂ ಇವೆ. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂಬ ಭಾವ ಅವುಗಳಲ್ಲಿದೆ. ಸತ್ತವರ, ಸೆರೆಹೋದವರ ಲಕ್ಷಗಳ ಲೆಕ್ಕ ಹೇಳುವ ಹದಿಮೂರನೆಯ ಶಾಸನವನ್ನು ಮಾತ್ರ ಕಳಿಂಗದಲ್ಲಿಯೂ ಕೆತ್ತಿಸಿಲ್ಲ, ಸನ್ನತಿಯ ಕಲ್ಲಿನ ಮೇಲೂ ಅದು ಇಲ್ಲ. ಹತ್ತಿರದ ಕನಗನಹಳ್ಳಿಯ ಸ್ತೂಪದ ಶಿಲ್ಪವೊಂದರಲ್ಲಿ ರಾಜನೂ ರಾಣಿಯೂ ನಿಂತಿದ್ದಾರೆ. ರಾಜನು ಅಶೋಕನೆಂದು ಬ್ರಾಹ್ಮಿ ಲಿಪಿಯಲ್ಲಿ ಹೆಸರೂ ಇದೆ. ಅವನ ಕೈಯಲ್ಲಿ ಕತ್ತಿಯನ್ನು ಹುಡುಕಬೇಡಿರೆಂದು ಮಕ್ಕಳಿಗೆ ಮೊದಲೇ ಹೇಳಿ ಕರೆದೊಯ್ಯುವುದು ಒಳ್ಳೆಯದು.