ಕಾವೇರಿ–ಕಬಿನಿ ಪ್ರದೇಶದಲ್ಲಿ ಹರಿಗೋಲು ಪ್ರಯಾಣ ಮತ್ತು ಗಾಳದ ಮೀನುಗಾರಿಕೆ

ಕಾವೇರಿ–ಕಬಿನಿ ಪ್ರದೇಶದಲ್ಲಿ ಹರಿಗೋಲು ಪ್ರಯಾಣ ಮತ್ತು ಗಾಳದ ಮೀನುಗಾರಿಕೆ ಎಂಬುದು ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ನದಿ ಹಾಗೂ ಹಿನ್ನೀರುಗಳಲ್ಲಿ ನಡೆಯುವ, ಕೆಲವೆಡೆ ಹಿಂದೆ ನಡೆಯುತ್ತಿದ್ದ ಜಲವಿಹಾರ ಮತ್ತು ಮೀನು ಹಿಡಿಯುವ ಹವ್ಯಾಸವಾಗಿದೆ. ಕಾವೇರಿ, ಲಕ್ಷ್ಮಣತೀರ್ಥ ಮತ್ತು ಕಬಿನಿ ಈ ಪ್ರದೇಶದ ಮುಖ್ಯ ನದಿಗಳು. ದಕ್ಷಿಣ ಭಾರತದ ಅತಿ ದೊಡ್ಡ ಸಿಹಿನೀರಿನ ಮೀನುಗಳಲ್ಲಿ ಒಂದಾದ ಮಹಶೀರ್‌ನಿಂದಾಗಿ ಈ ನದಿಗಳು ವಿದೇಶಿ ಗಾಳಗಾರರಲ್ಲಿಯೂ ಹೆಸರಾಗಿವೆ. ಇಂದು ಇದೇ ಮೀನು ಅಳಿವಿನ ಅಂಚಿನಲ್ಲಿರುವುದರಿಂದ, ಪ್ರವಾಸವನ್ನು ಯೋಜಿಸುವವರು ಎಲ್ಲಿ ಗಾಳ ಹಾಕಬಹುದು ಎಂಬುದಕ್ಕಿಂತ ಮೊದಲು ಎಲ್ಲಿ ಹಾಕಬಾರದು ಎಂಬುದನ್ನು ತಿಳಿಯಬೇಕಾಗುತ್ತದೆ.

ಹಿನ್ನೆಲೆ

ಕೆನಡಾದಂತಹ ದೇಶಗಳಲ್ಲಿ ರಸ್ತೆಯಿಲ್ಲದ ಕಾಡಿನ ಸರೋವರಗಳಿಗೆ ನೀರಿನ ಮೇಲೆ ಇಳಿಯಬಲ್ಲ ಸಣ್ಣ ವಿಮಾನಗಳಲ್ಲಿ ತೆರಳಿ, ದೋಣಿ ನಡೆಸುತ್ತ ಮೀನು ಹಿಡಿಯುವ ಪ್ರವಾಸಗಳು ಪ್ರಚಲಿತವಾಗಿವೆ. ಕರ್ನಾಟಕದಲ್ಲಿ ಅಂತಹ ವ್ಯವಸ್ಥೆಯಿಲ್ಲ. ಅದರ ಅಗತ್ಯವೂ ಕಂಡುಬರುವುದಿಲ್ಲ. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಈ ನಾಲ್ಕೂ ತಾಲ್ಲೂಕುಗಳ ನದೀತೀರವನ್ನು ಕೆಲವೇ ಗಂಟೆಗಳಲ್ಲಿ ರಸ್ತೆಯ ಮೂಲಕ ತಲುಪಬಹುದು. ಅಲ್ಲಿ ದೂರವೇ ಅಡ್ಡಿಯಾದರೆ, ಇಲ್ಲಿ ಅಡ್ಡಿಯಾಗುವುದು ಅನುಮತಿ.

ಬ್ರಿಟಿಷರ ಕಾಲದಲ್ಲಿ ಗಾಳದ ಮೀನುಗಾರಿಕೆಯು ಶಿಕಾರಿಯ ಭಾಗವಾಗಿ ಬೆಳೆಯಿತು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಪ್ರಕಟಿಸಿದ 'ದಿ ರಾಡ್ ಇನ್ ಇಂಡಿಯಾ' ಈ ವಿಷಯದ ಆರಂಭಿಕ ಗ್ರಂಥಗಳಲ್ಲಿ ಪ್ರಮುಖವಾದುದು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡ್ ತೂಕದ ಮಹಶೀರ್ ಹಿಡಿದನು. 1946ರಲ್ಲಿ ಮೈಸೂರಿನ ಜೆ. ಡಿ ವೆಟ್ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮೀನನ್ನು ಹಿಡಿದು ಆ ದಾಖಲೆಯನ್ನು ಮುರಿದರು. ಸತ್ತ ಪ್ರಾಣಿಗಳನ್ನು ಜೀವಂತದಂತೆ ನಿಲ್ಲಿಸುವ ಕಲೆಗೆ ಹೆಸರಾದ ವಾನ್ ಇಂಗೆನ್ ಕುಟುಂಬಕ್ಕೆ ಅವರು ಸೇರಿದವರು. ಕಬಿನಿಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟು ಕಟ್ಟಿದ್ದು ಇದಾದ ಎಷ್ಟೋ ವರ್ಷಗಳ ನಂತರ. 1974ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ಕಾಕನಕೋಟೆಯ ಕಾಡಿನ ದೊಡ್ಡ ಭಾಗವೂ ಹಲವು ಹಳ್ಳಿಗಳೂ ಮುಳುಗಿದವು.

ಸ್ವಾತಂತ್ರ್ಯಾನಂತರ ಮರೆತುಹೋದಂತಿದ್ದ ಕಾವೇರಿಯ ಮಹಶೀರ್ ಕಡೆಗೆ 1970ರ ದಶಕದ ಕೊನೆಯಲ್ಲಿ ಬಂದ ಮೂವರು ಇಂಗ್ಲಿಷ್ ಗಾಳಗಾರರ ತಂಡವು ಮತ್ತೆ ಜಗತ್ತಿನ ಗಮನ ಸೆಳೆಯಿತು. ಬೆಂಗಳೂರಿನಲ್ಲಿ 1972ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ವನ್ಯಜೀವಿ ಸಂಘವು ನದಿಯ ಕೆಲವು ಭಾಗಗಳನ್ನು ಗುತ್ತಿಗೆಗೆ ಪಡೆದು ಕಾವಲು ಕಾಯಿತು. ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯು ಕೆಳಹರಿವಿನ ಭೀಮೇಶ್ವರಿ, ಗಾಲಿಬೋರೆ ಮತ್ತು ದೊಡ್ಡಮಾಕಳಿಗಳಲ್ಲಿ ಮೀನುಗಾರಿಕಾ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮರಳಿ ನೀರಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ಹಿಂದೆ ಸಿಡಿಮದ್ದು ಎಸೆದು ಮೀನು ಹಿಡಿಯುತ್ತಿದ್ದ ಕೆಲವರೇ ಈ ಶಿಬಿರಗಳಲ್ಲಿ ಮಾರ್ಗದರ್ಶಕರೂ ಕಾವಲುಗಾರರೂ ಆದುದು ಗಮನಾರ್ಹ. ಸಂರಕ್ಷಿತ ಪ್ರದೇಶದಲ್ಲಿ ಮೀನಿಗೆ ಗಾಳ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅರ್ಥದಲ್ಲಿ ಬೇಟೆಯೇ ಎಂಬ ಪ್ರಶ್ನೆ ಎದ್ದ ಮೇಲೆ, 2012ರ ವೇಳೆಗೆ ಆ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತಿತು.

ಮಹಶೀರ್ ಮತ್ತು ಇತರ ಮೀನುಗಳು

ಕಾವೇರಿ ಜಲಾನಯನಕ್ಕೆ ಮಾತ್ರ ಸೀಮಿತವಾದ ಡುಬ್ಬದ ಮಹಶೀರ್‌ಗೆ ಬಹುಕಾಲ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಗಾಳಗಾರರು ಒಂದು ಶತಮಾನಕ್ಕೂ ಹೆಚ್ಚು ಕಾಲ ಫೋಟೋ ತೆಗೆಸಿಕೊಂಡ ಮೀನನ್ನು ವಿಜ್ಞಾನವು 2018ರಲ್ಲಷ್ಟೇ 'ಟಾರ್ ರೆಮಾದೇವಿ' ಎಂದು ಗುರುತಿಸಿತು. ಅದೇ ವರ್ಷ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಅದನ್ನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇದರ ಅವನತಿಯ ಕಾರಣಗಳಲ್ಲಿ ಒಂದು ಸದುದ್ದೇಶದಿಂದಲೇ ಹುಟ್ಟಿದ್ದು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ದೇಶದ ಅನೇಕ ನದಿಗಳಿಗೆ, ಕಾವೇರಿಗೂ, ಬಿಡಲಾಯಿತು. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ಪರಿಶೀಲಿಸಿದಾಗ, ಸಿಕ್ಕ ಮಹಶೀರ್‌ಗಳ ಒಟ್ಟು ಸಂಖ್ಯೆ ಏರಿದ್ದರೂ ಡುಬ್ಬದ ಮಹಶೀರ್ ಕುಸಿದಿರುವುದು ಕಂಡುಬಂದಿತು. ಕೊನೆಯ ವರ್ಷಗಳಲ್ಲಿ ಸಿಗುತ್ತಿದ್ದವು ದೊಡ್ಡ ಮೀನುಗಳೇ. ಮರಿಗಳು ಬೆಳೆದು ಬರುತ್ತಿರಲಿಲ್ಲ. ಹೊರಗಿನಿಂದ ಬಂದ ತಳಿ ಹೆಚ್ಚಿದ್ದರಿಂದ ನದಿ ಸಮೃದ್ಧವಾಗಿದೆ ಎಂಬ ಭ್ರಮೆ ಉಂಟಾಗಿತ್ತು. ಅಣೆಕಟ್ಟುಗಳು ಮೀನಿನ ಮೇಲ್ಮುಖ ವಲಸೆಯನ್ನು ತಡೆದದ್ದು, ಸಿಡಿಮದ್ದು, ಮರಳು ಗಣಿಗಾರಿಕೆ ಇವು ಉಳಿದ ಕಾರಣಗಳು. ಮನರಂಜನೆಗೆಂದು ಬರೆದ ಲೆಕ್ಕವೇ ಈ ಸಂಗತಿಯನ್ನು ಬಯಲಿಗೆ ತಂದಿತೆಂಬುದನ್ನು ಗಾಳಗಾರಿಕೆಯ ಪರವಾಗಿರುವವರು ಆಗಾಗ ಉಲ್ಲೇಖಿಸುತ್ತಾರೆ.

ಜಲಾಶಯ ಮತ್ತು ಕೆರೆಗಳಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಜಿಲೇಬಿ, ಬಾಳೆ ಮತ್ತು ಕೊರವ ಮೀನುಗಳು ಸಿಗುತ್ತವೆ. ಸಾಮಾನ್ಯ ಹವ್ಯಾಸಿಗೆ ದೊರೆಯುವುದು ಬಹುಮಟ್ಟಿಗೆ ಇವೇ.

ಸ್ಥಳ ಮತ್ತು ಅನುಮತಿ

ಹೆಗ್ಗಡದೇವನಕೋಟೆ ಮತ್ತು ಹುಣಸೂರು ತಾಲ್ಲೂಕುಗಳ ಕಾಡಿನ ಬಹುಭಾಗ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಕಬಿನಿ ಹಿನ್ನೀರಿನ ಒಂದು ಬದಿಯಲ್ಲಿ ನಾಗರಹೊಳೆ, ಇನ್ನೊಂದು ಬದಿಯಲ್ಲಿ ಬಂಡೀಪುರ ಇರುವುದರಿಂದ ಅಲ್ಲಿ ಸ್ವಂತ ದೋಣಿ ಇಳಿಸುವುದಾಗಲಿ, ದಡದಲ್ಲಿ ಡೇರೆ ಹಾಕುವುದಾಗಲಿ, ಗಾಳ ಹಾಕುವುದಾಗಲಿ ಸಾಧ್ಯವಿಲ್ಲ. ಕಾರಾಪುರದಿಂದ ಅಧಿಕೃತವಾಗಿ ಹೊರಡುವ ದೋಣಿ ಸಫಾರಿಯೇ ಈ ನೀರನ್ನು ನೋಡುವ ಮಾರ್ಗ. ಬೇಸಿಗೆಯಲ್ಲಿ ನೀರು ಇಳಿದು ಹಸಿರು ಹುಲ್ಲು ಚಿಗುರಿದಾಗ ನೂರಾರು ಆನೆಗಳು ದಡದಲ್ಲಿ ಸೇರುವ ದೃಶ್ಯಕ್ಕಾಗಿ ಇದು ಪ್ರಸಿದ್ಧವಾಗಿದೆ.

ಸಂರಕ್ಷಿತ ಪ್ರದೇಶದ ಹೊರಗಿನ ಜಲಾಶಯ ಮತ್ತು ಕೆರೆಗಳಲ್ಲಿ ಮೀನುಗಾರಿಕೆಯ ಹಕ್ಕು ಮೀನುಗಾರಿಕೆ ಇಲಾಖೆಯ ಪರವಾನಗಿ ಅಥವಾ ಗುತ್ತಿಗೆ ಪಡೆದವರದು. ಆದ್ದರಿಂದ ಗಾಳ ಹಾಕುವ ಮೊದಲು ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು ಮತ್ತು ಸ್ಥಳೀಯ ಮೀನುಗಾರರ ಸಹಕಾರ ಸಂಘದೊಡನೆ ಮಾತನಾಡುವುದು ಅಗತ್ಯ. ಬಲೆ ಬಿಟ್ಟ ಜಾಗದಲ್ಲಿ ಗಾಳ ಎಸೆದು ಬಲೆ ಹರಿದರೆ ಅದು ಒಂದು ಕುಟುಂಬದ ಹಲವು ದಿನಗಳ ದುಡಿಮೆಯ ನಷ್ಟ. ಪಿರಿಯಾಪಟ್ಟಣ ತಾಲ್ಲೂಕಿಗೆ ಹೊಂದಿಕೊಂಡ ಕೊಡಗಿನಲ್ಲಿ, ವಾಲ್ನೂರು ಸುತ್ತಲಿನ ಕಾವೇರಿಯಲ್ಲಿ ಕೊಡಗು ವನ್ಯಜೀವಿ ಸಂಘವು ಹಿಡಿದು ಬಿಡುವ ಪದ್ಧತಿಯ ಗಾಳಗಾರಿಕೆಯನ್ನು ನಡೆಸಿಕೊಂಡು ಬಂದಿದೆ.

ದೇವಾಲಯಗಳ ಬಳಿಯ ಮಡುಗಳಲ್ಲಿ ಮೀನು ಹಿಡಿಯುವುದು ಎಲ್ಲೆಡೆ ನಿಷಿದ್ಧ. ಕೃಷ್ಣರಾಜನಗರದಿಂದ ಮೇಲ್ಹರಿವಿನಲ್ಲಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ವಹ್ನಿ ಪುಷ್ಕರಣಿಯಲ್ಲಿ ಭಕ್ತರು ಪುರಿ ಎರಚಿದಾಗ ಮಹಶೀರ್‌ಗಳು ಮೆಟ್ಟಿಲ ಬಳಿಗೇ ಬರುತ್ತವೆ. ಜನರು ಇವನ್ನು ದೇವರ ಮೀನು ಎನ್ನುತ್ತಾರೆ. ಕಾಯ್ದೆಗಿಂತ ಬಹಳ ಹಿಂದೆಯೇ ಇಂತಹ ಮಡುಗಳು ಮೀನಿಗೆ ಆಶ್ರಯವಾಗಿದ್ದವು.

ಕಾಲ ಮತ್ತು ನೀರಿನ ಮಟ್ಟ

ನೈಋತ್ಯ ಮುಂಗಾರಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿ ಪ್ರಯಾಣಕ್ಕೆ ಯೋಗ್ಯವಲ್ಲ. ಅನೇಕ ಮೀನುಗಳು ಮೊಟ್ಟೆಯಿಡುವುದೂ ಆಗಲೇ. ಕಬಿನಿಯು ಕೇರಳದ ವಯನಾಡಿನಲ್ಲಿ ಹುಟ್ಟುವುದರಿಂದ, ಹೆಗ್ಗಡದೇವನಕೋಟೆಯಲ್ಲಿ ಬಿಸಿಲಿದ್ದರೂ ವಯನಾಡಿನ ಮಳೆಗೆ ನದಿ ಒಮ್ಮೆಲೇ ಉಕ್ಕಬಹುದು. ಅಲ್ಲಿನ ಬಾಣಾಸುರ ಸಾಗರದಿಂದ ಬಿಡುವ ನೀರೂ ಇದೇ ನದಿಗೆ ಬರುತ್ತದೆ. ಕಬಿನಿ ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 2284 ಅಡಿ, ಸಂಗ್ರಹ ಸಾಮರ್ಥ್ಯ 19.52 ಟಿಎಂಸಿ. 49.45 ಟಿಎಂಸಿಯ ಕೃಷ್ಣರಾಜಸಾಗರಕ್ಕೆ ಹೋಲಿಸಿದರೆ ಇದು ಚಿಕ್ಕದಾದ್ದರಿಂದ ಬೇಗ ತುಂಬುತ್ತದೆ, ಹೊರಹರಿವೂ ಬೇಗ ಹೆಚ್ಚುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕೆಳಗಿನ ನಂಜನಗೂಡಿನವರೆಗೂ ಪ್ರವಾಹ ಉಂಟಾಗಿತ್ತು. ಜಲಾಶಯಗಳ ಅಂದಂದಿನ ಮಟ್ಟ, ಒಳಹರಿವು, ಹೊರಹರಿವುಗಳನ್ನು ದಿನಪತ್ರಿಕೆಗಳು ಪ್ರಕಟಿಸುತ್ತವೆ. ಹೊರಡುವ ಹಿಂದಿನ ಕೆಲವು ದಿನಗಳ ಅಂಕಿಗಳನ್ನು ಹೋಲಿಸಿ ನೋಡುವುದು ಒಳ್ಳೆಯ ಅಭ್ಯಾಸ. ಮಳೆ ನಿಂತು ನೀರು ತಿಳಿಯಾದ ಬಳಿಕ, ಚಳಿಗಾಲದಿಂದ ಬೇಸಿಗೆಯ ಆರಂಭದವರೆಗಿನ ತಿಂಗಳುಗಳನ್ನು ಗಾಳಗಾರರು ಮೆಚ್ಚುತ್ತಾರೆ.

ಹರಿಗೋಲು

ಈ ಭಾಗದ ಸಾಂಪ್ರದಾಯಿಕ ವಾಹನ ಹರಿಗೋಲು. ಬಿದಿರಿನ ದಬ್ಬೆಗಳನ್ನು ದುಂಡಗಿನ ಬುಟ್ಟಿಯಂತೆ ಹೆಣೆದು, ಹಿಂದೆ ಚರ್ಮವನ್ನೂ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರನ್ನೂ ಹೊದಿಸಿ ಇದನ್ನು ತಯಾರಿಸುತ್ತಾರೆ. ಫೈಬರ್‌ನಲ್ಲಿ ಮಾಡಿದವೂ ಬಂದಿವೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತಹ ಇಂತಹ ದೋಣಿಗಳಲ್ಲಿ ಜನರೂ ಜಾನುವಾರುಗಳೂ ತುಂಗಭದ್ರೆಯನ್ನು ದಾಟುವುದನ್ನು ಬರೆದಿದ್ದಾನೆ. ಅವು ಸುತ್ತುತ್ತಲೇ ಸಾಗುತ್ತವೆ ಎಂಬುದನ್ನೂ ಗಮನಿಸಿದ್ದಾನೆ.

ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರಿನಲ್ಲೂ ಬಂಡೆಗಳ ನಡುವೆ ತೇಲುತ್ತದೆ. ಅಂಬಿಗನು ಸಾಗಬೇಕಾದ ದಿಕ್ಕಿನ ಅಂಚಿನಲ್ಲಿ ಕುಳಿತು ಒಂದೇ ಹುಟ್ಟಿನಿಂದ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ ಮುನ್ನಡೆಸುತ್ತಾನೆ. ಉದ್ದನೆಯ ದೋಣಿಯಂತೆ ಇದು ಸೆಳವಿಗೆ ಎದುರಾಗಿ ಸಾಗಲಾರದು. ಆದುದರಿಂದ ನದಿಯ ಪ್ರಯಾಣವನ್ನು ಕೆಳಮುಖವಾಗಿಯೇ ಯೋಜಿಸಬೇಕು: ಇಳಿಯುವ ಜಾಗ, ಏರುವ ಜಾಗ ಎರಡನ್ನೂ ಮೊದಲೇ ನಡೆದು ನೋಡಿ, ಏರುವ ಜಾಗದಲ್ಲಿ ವಾಹನವನ್ನು ಸಿದ್ಧವಿರಿಸಬೇಕು. ಹರಿಗೋಲು ಹಗುರವಾದ್ದರಿಂದ ಮರಳುವಾಗ ತಲೆಯ ಮೇಲೆ ಕವುಚಿಕೊಂಡು ಹೊರಬಹುದು. ಹಿನ್ನೀರಿನಲ್ಲಿ ಸೆಳವಿಲ್ಲದಿದ್ದರೂ ಮಧ್ಯಾಹ್ನದ ಗಾಳಿ ದುಂಡು ದೋಣಿಯನ್ನು ಬೇಡದ ಕಡೆಗೆ ತಳ್ಳುತ್ತದೆ. ಮುಳುಗಿದ ಕಾಡಿನ ಒಣ ಬೊಡ್ಡೆಗಳು ನೀರಿನ ಮಟ್ಟಕ್ಕೆ ಸರಿಯಾಗಿ ನಿಂತಿದ್ದು ತಳವನ್ನು ಸೀಳಬಲ್ಲವು.

ಅಪಾಯಗಳು

ಕೃಷ್ಣರಾಜನಗರ ಭಾಗದ ಕಾವೇರಿಯಲ್ಲಿ ಅತಿ ಹೆಚ್ಚು ಜಾಗರೂಕತೆ ಬೇಕಾಗಿರುವುದು ಹಳೆಯ ಕಟ್ಟೆಗಳ ಬಳಿ. ಮಿರ್ಲೆ ಮತ್ತು ಚಾಮರಾಜ ನಾಲೆಗಳಿಗೆ ನೀರು ತಿರುಗಿಸಲು ಕಟ್ಟಿದ ಇಂತಹ ಗಿಡ್ಡ ಕಟ್ಟೆಗಳು ಮೇಲಿನಿಂದ ಬರುವವರಿಗೆ ಕಾಣುವುದೇ ಇಲ್ಲ. ನೀರು ಸಮತಲವಾಗಿ ಸಾಗಿ ಮಾಯವಾದಂತೆ ತೋರುತ್ತದೆ. ಕಟ್ಟೆಯ ಬುಡದಲ್ಲಿ ನೀರು ಹಿಂದಕ್ಕೆ ಸುರುಳಿ ಸುತ್ತುವುದರಿಂದ, ಅಲ್ಲಿ ಬಿದ್ದವನು ಈಜು ಬಲ್ಲವನಾದರೂ ಅದೇ ಸುರುಳಿಯಲ್ಲಿ ಸಿಲುಕುತ್ತಾನೆ. ಚುಂಚನಕಟ್ಟೆಯಲ್ಲಿ ನದಿಯು ಸುಮಾರು 60 ಅಡಿ ಧುಮುಕುತ್ತದೆ. ಇವುಗಳಿಗೆ ಸಾಕಷ್ಟು ಮೊದಲೇ ದಡ ಸೇರಿ, ಹರಿಗೋಲನ್ನು ಹೊತ್ತು ದಾಟುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ.

ಮಗ್ಗರ್ ಮೊಸಳೆಗಳು ಕಾವೇರಿ ಮತ್ತು ಕಬಿನಿ ಎರಡರಲ್ಲೂ ಇವೆ. ಮರಳಿನ ದಿಬ್ಬಗಳ ಮೇಲೆ ಮಲಗಬಾರದು, ಮೀನನ್ನು ನೀರಿನ ಅಂಚಿನಲ್ಲಿ ಶುಚಿಗೊಳಿಸಬಾರದು. ಸಂಜೆಯ ಮೇಲೆ ಕಾಡಂಚಿನ ದಡ ಆನೆಗಳದು. ಹರಿಗೋಲಿನಲ್ಲಿ ಕುಳಿತ ಪ್ರತಿಯೊಬ್ಬರೂ ಜೀವರಕ್ಷಕ ಅಂಗಿಯನ್ನು ತೊಟ್ಟಿರಬೇಕು. ಅದನ್ನು ಮಡಿಸಿ ಕೆಳಗೆ ಹಾಸಿಕೊಂಡು ಕೂರುವ ರೂಢಿ ಅಪಾಯಕಾರಿ. ಕಾಡಂಚಿನಲ್ಲಿ ಮೊಬೈಲ್ ಸಂಪರ್ಕ ಅನಿಶ್ಚಿತವಾಗಿರುವುದರಿಂದ, ಮಾರ್ಗವನ್ನೂ ಹಿಂತಿರುಗುವ ಸಮಯವನ್ನೂ ಹತ್ತಿರದ ಹಳ್ಳಿಯಲ್ಲಿ ಒಬ್ಬರಿಗಾದರೂ ತಿಳಿಸಿರಬೇಕು.

ಗಾಳ, ಎರೆ ಮತ್ತು ಮೀನನ್ನು ಬಿಡುವ ಕ್ರಮ

ಕಾವೇರಿಯ ಗಾಳಗಾರಿಕೆಗೆ ವಿಶಿಷ್ಟವಾದ ಎರೆ ರಾಗಿ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಾದಿ, ನಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆಯ ಗಾತ್ರದವರೆಗೆ ಉಂಡೆ ಕಟ್ಟಿ ಗಾಳವನ್ನು ಮುಚ್ಚುತ್ತಾರೆ. ಮುದ್ದೆಗಿಂತ ಇದು ಗಡುಸಾಗಿರಬೇಕು. ಮೆತ್ತಗಾದರೆ ಸೆಳವಿಗೆ ಕರಗಿಹೋಗುತ್ತದೆ. ಎರೆಹುಳು, ಏಡಿ ಮತ್ತು ಸಣ್ಣ ಮೀನುಗಳನ್ನೂ ಬಳಸುವುದುಂಟು. ಕಾಟ್ಲಾ, ರೋಹುಗಳಿಗೆ ಸಾಧಾರಣ ಕೋಲು ಸಾಕು. ಬಂಡೆಗಳ ನಡುವಿನ ದೊಡ್ಡ ಮೀನಿಗೆ ದಪ್ಪ ನೈಲಾನ್ ದಾರ ಮತ್ತು ಗಟ್ಟಿಯಾದ ರಾಟೆ ಬೇಕಾಗುತ್ತದೆ. ತೆಳು ದಾರವು ಬಂಡೆಗೆ ಉಜ್ಜಿ ಹರಿದರೆ ಗಾಳ ಮೀನಿನ ಬಾಯಲ್ಲೇ ಉಳಿಯುತ್ತದೆ.

ಅಕಸ್ಮಾತ್ ಮಹಶೀರ್ ಸಿಕ್ಕರೆ ಅದನ್ನು ಬಿಡುವ ಕ್ರಮವನ್ನು ಮೊದಲೇ ತಿಳಿದಿರಬೇಕು. ಮುಳ್ಳಿಲ್ಲದ ಗಾಳವನ್ನು ಬಳಸಿದ್ದರೆ ಬಿಡಿಸುವುದು ಸುಲಭ. ಮೀನನ್ನು ಒದ್ದೆ ಕೈಯಿಂದಲೇ ಮುಟ್ಟಬೇಕು. ಒಣ ಕೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆ ಅಳಿದು ಸೋಂಕಿಗೆ ದಾರಿಯಾಗುತ್ತದೆ. ಬಿಸಿಯಾದ ಬಂಡೆಯ ಮೇಲೆ ಮಲಗಿಸುವುದು, ಕಿವಿರಿಗೆ ಬೆರಳು ಹಾಕಿ ನೇತುಹಿಡಿದು ಫೋಟೋ ತೆಗೆಸಿಕೊಳ್ಳುವುದು ಅದನ್ನು ಕೊಂದಂತೆಯೇ. ತಲೆಯನ್ನು ಸೆಳವಿಗೆ ಎದುರಾಗಿಸಿ, ಹೊಟ್ಟೆಯ ಕೆಳಗೆ ಕೈಯಿಟ್ಟು ಹಿಡಿದಿದ್ದರೆ ಕಿವಿರುಗಳ ಮೂಲಕ ನೀರು ಹರಿದು ಮೀನು ಚೇತರಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬೆಚ್ಚಗಿನ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆಯಿರುವುದರಿಂದ ಇದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ. ಬಾಲವನ್ನು ತಾನಾಗಿ ಬಡಿದು ಕೈಯಿಂದ ಜಾರುವವರೆಗೆ ಅದನ್ನು ಬಿಡಬಾರದು.